ವಿಮಾ ಕಂಪನಿ ಸರ್ಕಾರದಲ್ಲಿ ಇಟ್ಟ ಠೇವಣಿ ನಮ್ಮ ಪಾಲಿಸಿಯನ್ನು ಕಾಯುತ್ತದೆಯೇ?

ಪ್ರಶ್ನೆ: ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನನ್ನದೊಂದು ಅಡತಿ ಅಂಗಡಿ ಇದೆ. ಒಂದು ಖಾಸಗಿ ಕಂಪನಿಯಲ್ಲಿ 25 ಲಕ್ಷ ರೂಪಾಯಿಯ ಜೀವ ವಿಮೆಯನ್ನೂ ಇನ್ನೊಂದರಲ್ಲಿ ಗೋದಾಮಿನ ಬೆಂಕಿ ವಿಮೆಯನ್ನೂ ಮಾಡಿಸಿದ್ದೇನೆ. ನಮ್ಮ ಭಾಗದ ಪತ್ತಿನ ಸಂಘವೊಂದು ಬಾಗಿಲು ಹಾಕಿ, ಅದರಲ್ಲಿಟ್ಟ ನನ್ನ ಎರಡು ಲಕ್ಷ ರೂಪಾಯಿ ಇನ್ನೂ ಕೈಗೆ ಬಂದಿಲ್ಲ. ವಿಮಾ ಕಂಪನಿಗೂ ಇದೇ ಗತಿಯಾದರೆ ಏನು ಮಾಡುವುದೆಂದು ಏಜೆಂಟರನ್ನು ಕೇಳಿದಾಗ, ‘ಸಾವಕಾರ್ರ, ಕಂಪನಿ ಸರ್ಕಾರದ ಕಡೆ ನೂರು ಕೋಟಿ ಡಿಪಾಜಿಟ್ ಇಟ್ಟೈತ್ರಿ, ನಾಳೆ ಮುಳುಗಿದ್ರೂ ನಿಮ್ಮ ರೊಕ್ಕಕ್ಕ ಏನೂ ಆಗಂಗಿಲ್ಲ’ ಎಂದರು. ಇದು ನಿಜವೇ? ಆ ಠೇವಣಿ ಎಲ್ಲಿರುತ್ತದೆ, ನಮಗೆ ಹೇಗೆ ಸಿಗುತ್ತದೆ?

ಉತ್ತರ: ನಿಮ್ಮ ಏಜೆಂಟರು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ನೂರು ಕೋಟಿ ಎಂಬ ಅಂಕಿ ನಿಜ, ಆದರೆ ಅದು ಠೇವಣಿಯಲ್ಲ. ಠೇವಣಿ ಎಂಬುದೂ ಒಂದು ಕಾಲಕ್ಕೆ ನಿಜವೇ, ಆದರೆ ಅದು ನೂರು ಕೋಟಿ ಇರಲಿಲ್ಲ, ಈಗಂತೂ ಕಾನೂನಿನಲ್ಲೇ ಇಲ್ಲ. ನಿಮ್ಮ ಹಣಕ್ಕೆ ನಿಜವಾದ ಕಾವಲಾಗಿರುವ ಮೂರನೆಯ ಸಂಗತಿಯನ್ನು ಮಾತ್ರ ಅವರು ಹೇಳಲೇ ಇಲ್ಲ.

ಅಡತಿ ವ್ಯಾಪಾರದಲ್ಲಿರುವ ನಿಮಗೆ ಠೇವಣಿಯ ಸ್ವರೂಪವನ್ನು ದೂರದಿಂದ ವಿವರಿಸಬೇಕಾಗಿಲ್ಲ. ಎಪಿಎಂಸಿಯಲ್ಲಿ ಲೈಸೆನ್ಸ್ ಪಡೆಯುವಾಗ ನೀವು ಭದ್ರತೆಯೆಂದು ಒಂದು ಮೊತ್ತವನ್ನು ಒದಗಿಸಿರುತ್ತೀರಿ. ಹಂಗಾಮಿನಲ್ಲಿ ಒಂದೇ ದಿನ ನಿಮ್ಮ ಅಂಗಡಿಯಲ್ಲಿ ಕೈ ಬದಲಾಗುವ ಬೆಲ್ಲದ ಬೆಲೆಯ ಮುಂದೆ ಆ ಮೊತ್ತ ಎಷ್ಟು ಸಣ್ಣದೆಂಬುದು ನಿಮಗೇ ಗೊತ್ತು. ರೈತರು ನಿಮ್ಮನ್ನು ನಂಬಿ ಬೆಲ್ಲದ ಪೆಂಟೆ ಇಳಿಸುವುದು ಆ ಭದ್ರತೆಯನ್ನು ನೋಡಿ ಅಲ್ಲ. ನಿಮ್ಮ ಗೋದಾಮಿನಲ್ಲಿ ಮಾಲು ಎಷ್ಟಿದೆ, ಕೊಟ್ಟ ಪಟ್ಟಿಯ ಹಣ ವಾಯಿದೆಗೆ ಸರಿಯಾಗಿ ಬಂದಿದೆಯೇ ಎಂಬುದನ್ನು ನೋಡಿ. ವಿಮೆಯ ಕಾನೂನು ಕೂಡ ಬಹುಕಾಲದ ನಂತರ ಇದೇ ತೀರ್ಮಾನಕ್ಕೆ ಬಂದಿತು.

1938ರ ವಿಮಾ ಕಾಯ್ದೆಯ 7ನೇ ಕಲಂ ಪ್ರತಿ ವಿಮಾ ಕಂಪನಿಯೂ ರಿಸರ್ವ್ ಬ್ಯಾಂಕಿನಲ್ಲಿ ನಗದನ್ನೋ ಅನುಮೋದಿತ ಸಾಲಪತ್ರಗಳನ್ನೋ ಠೇವಣಿ ಇಡಬೇಕೆಂದು ವಿಧಿಸಿತ್ತು. ಖಾಸಗಿಯವರಿಗೆ ಮತ್ತೆ ಬಾಗಿಲು ತೆರೆದ 1999ರ ತಿದ್ದುಪಡಿಯ ಬಳಿಕ ಇದರ ಅಳತೆ ಹೀಗಿತ್ತು: ಜೀವ ವಿಮಾ ಕಂಪನಿಗೆ ಒಂದು ವರ್ಷದ ಒಟ್ಟು ಪ್ರೀಮಿಯಂನ ಶೇ 1, ಬೆಂಕಿ ಮುಂತಾದ ನಷ್ಟಗಳಿಗೆ ವಿಮೆ ಕೊಡುವ ಸಾಮಾನ್ಯ ವಿಮಾ ಕಂಪನಿಗೆ ಶೇ 3, ಆದರೆ ಎರಡಕ್ಕೂ 10 ಕೋಟಿ ರೂಪಾಯಿಯ ಮಿತಿ; ಮರುವಿಮೆ, ಅಂದರೆ ವಿಮಾ ಕಂಪನಿಗಳಿಗೇ ವಿಮೆ, ಮಾಡುವ ಕಂಪನಿಗೆ 20 ಕೋಟಿ. ಮಿತಿಯ ಅರ್ಥವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 5,000 ಕೋಟಿ ಪ್ರೀಮಿಯಂ ಸಂಗ್ರಹಿಸುವ ಜೀವ ವಿಮಾ ಕಂಪನಿಯ ಶೇ 1 ಎಂದರೆ 50 ಕೋಟಿಯಾಗುತ್ತದೆ, ಆದರೆ ಅದು ಇಡಬೇಕಾದದ್ದು ಹತ್ತೇ ಕೋಟಿ. ಆ ಹತ್ತು ಕೋಟಿಯಲ್ಲಿ ನಿಮ್ಮಂತೆ 25 ಲಕ್ಷದ ಪಾಲಿಸಿ ಇರುವ ನಲವತ್ತು ಮಂದಿಯ ಕ್ಲೇಮು ತೀರಿಸಿದರೆ ಪೆಟ್ಟಿಗೆ ಬರಿದು. ಮಹಾಲಿಂಗಪುರದ ಒಂದು ಓಣಿಗೂ ಅದು ಸಾಲದು.

ಹಾಗೆಂದು ಆ ಠೇವಣಿ ನಾಮಕಾವಾಸ್ತೆಯದೆಂದು ಹೇಳಲಾಗದು. ಸಣ್ಣ ಸಣ್ಣ ಕಂಪನಿಗಳು ಊರಿಗೊಂದರಂತೆ ಹುಟ್ಟಿ ಅಷ್ಟೇ ಬೇಗ ಕಾಣೆಯಾಗುತ್ತಿದ್ದ ಕಾಲದಲ್ಲಿ, ಕೈಯಲ್ಲಿ ಹಣವಿಲ್ಲದವನು ವಿಮೆಯ ಫಲಕ ತೂಗುಹಾಕದಂತೆ ತಡೆಯುವುದಕ್ಕೆ ಅದು ತಕ್ಕ ಉಪಾಯವಾಗಿತ್ತು. ಕಾಯ್ದೆ ಅದಕ್ಕೆ ಭದ್ರವಾದ ಬೇಲಿಯನ್ನೂ ಕಟ್ಟಿತ್ತು: ಕಂಪನಿ ಅದನ್ನು ಅಡವಿಡುವಂತಿರಲಿಲ್ಲ, ಪಾಲಿಸಿಗಳ ಹೊಣೆ ತೀರುವ ತನಕ ಬೇರೆ ಯಾವ ಸಾಲಕ್ಕೂ ಅದನ್ನು ಬಳಸುವಂತಿರಲಿಲ್ಲ, ಕೋರ್ಟಿನ ಡಿಕ್ರಿ ಹಿಡಿದು ಅದನ್ನು ಜಪ್ತಿ ಮಾಡುವ ಅವಕಾಶವೂ ಬೇರೆ ದಾರಿಯಿಂದ ಹಣ ಪಡೆಯಲಾಗದೆ ಹೋದ ಪಾಲಿಸಿದಾರನಿಗೆ ಮಾತ್ರ ಇತ್ತು. ಆದರೆ ಬೇಲಿ ಇದ್ದದ್ದು ಆ ಸಣ್ಣ ಗಂಟಿನ ಸುತ್ತ ಮಾತ್ರ. ಪಾಲಿಸಿದಾರರ ಬಹುಪಾಲು ಹಣ ಅದರ ಹೊರಗೆ, ಕಂಪನಿಯ ಒಡೆಯರ ಕೈಯಳತೆಯಲ್ಲಿತ್ತು. 1955ರಲ್ಲಿ ಭಾರತ್ ಇನ್ಶೂರೆನ್ಸ್ ಕಂಪನಿಯ ನಿಧಿ ದುರುಪಯೋಗವಾದುದನ್ನು ಸಂಸದ ಫಿರೋಜ್ ಗಾಂಧಿಯವರು ಲೋಕಸಭೆಯಲ್ಲಿ ಎತ್ತಿದಾಗ ಠೇವಣಿಯ ನಿಯಮ ಜಾರಿಯಲ್ಲಿಯೇ ಇತ್ತು. ಮರುವರ್ಷವೇ, 1956ರ ಸೆಪ್ಟೆಂಬರ್ 1ರಂದು, 245 ಸಂಸ್ಥೆಗಳ ಜೀವ ವಿಮಾ ವ್ಯವಹಾರವನ್ನು ಒಟ್ಟುಗೂಡಿಸಿ ಎಲ್‌ಐಸಿಯನ್ನು ಸ್ಥಾಪಿಸಲಾಯಿತು.

2015ರ ತಿದ್ದುಪಡಿ 7ನೇ ಕಲಮನ್ನು ತೆಗೆದುಹಾಕಿತು. ಈಗ ಉಳಿದಿರುವುದು, ನಿಮ್ಮ ಏಜೆಂಟರು ಹೇಳಿದ ನೂರು ಕೋಟಿ. ಅದು ಜೀವ ವಿಮೆ, ಸಾಮಾನ್ಯ ವಿಮೆ ಅಥವಾ ಆರೋಗ್ಯ ವಿಮೆಯ ಕಂಪನಿ ಆರಂಭಿಸುವವರು ತೋರಿಸಬೇಕಾದ ಕನಿಷ್ಠ ಪಾವತಿಯಾದ ಬಂಡವಾಳ. ಮರುವಿಮೆಗೆ ಅದು 200 ಕೋಟಿ. ಈ ಹಣವನ್ನು ಯಾವ ಸರ್ಕಾರಿ ಖಜಾನೆಯಲ್ಲೂ ಇಟ್ಟಿರುವುದಿಲ್ಲ. ಅದು ಷೇರುದಾರರು ಕಂಪನಿಗೆ ಹಾಕಿದ ಮೂಲಧನ. ಕಚೇರಿ, ಕಂಪ್ಯೂಟರ್, ಆರಂಭದ ವರ್ಷಗಳ ನಷ್ಟ ಎಲ್ಲವೂ ಅದರಿಂದಲೇ ಸಾಗುತ್ತವೆ.

ಇನ್ನು ಏಜೆಂಟರು ಹೇಳದೆ ಬಿಟ್ಟ ಸಂಗತಿ. ಕಾಯ್ದೆಯ 64ವಿಎ ಕಲಮಿನ ಪ್ರಕಾರ ಪ್ರತಿ ಕಂಪನಿಯೂ ತನ್ನ ಎಲ್ಲ ಹೊಣೆಗಳನ್ನು ಕಳೆದ ಮೇಲೆ ಒಂದು ನಿಗದಿತ ಪ್ರಮಾಣದ ಹೆಚ್ಚುವರಿ ಆಸ್ತಿಯನ್ನು ಸದಾ ಉಳಿಸಿಕೊಂಡಿರಬೇಕು. ಇದನ್ನು ಸಾಲ್ವೆನ್ಸಿ ಮಾರ್ಜಿನ್ ಎನ್ನುತ್ತಾರೆ. ಒಂದು ಕಂಪನಿ ಇಂದಿನವರೆಗೆ ಕೊಟ್ಟ ಪಾಲಿಸಿಗಳ ಮೇಲೆ ಮುಂದೆ ತೀರಿಸಬೇಕಾದ ಹೊಣೆ 1,000 ಕೋಟಿ ಎಂದು ಅದರ ಆಕ್ಚುವರಿ (ವಿಮೆಯ ಹೊಣೆಗಳನ್ನು ಅಳೆಯುವ ಗಣಿತ ತಜ್ಞರು) ಲೆಕ್ಕ ಹಾಕಿದ್ದಾರೆನ್ನಿ. ಅದರ ವ್ಯವಹಾರದ ಗಾತ್ರಕ್ಕೆ ನಿಯಮ ಬೇಡುವ ಹೆಚ್ಚುವರಿ 200 ಕೋಟಿ ಇರಲಿ. ಕಂಪನಿಯ ಬಳಿ 1,300 ಕೋಟಿಯ ಆಸ್ತಿ ಇದ್ದರೆ ಉಳಿಕೆ 300 ಕೋಟಿ. 300ನ್ನು 200ರಿಂದ ಭಾಗಿಸಿದರೆ ಬರುವ 1.5 ಅದರ ಸಾಲ್ವೆನ್ಸಿ ಅನುಪಾತ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಈ ಒಂದೂವರೆಯನ್ನೇ ಕನಿಷ್ಠ ಮಟ್ಟವೆಂದು ಗೊತ್ತುಪಡಿಸಿದೆ. ಬೇಕಾದ ಹೆಚ್ಚುವರಿಯನ್ನು ಸಾಮಾನ್ಯ ವಿಮೆಯಲ್ಲಿ, ಸ್ಥೂಲವಾಗಿ, ಪ್ರೀಮಿಯಂನ ಶೇ 20 ಅಥವಾ ಕ್ಲೇಮುಗಳ ಶೇ 30, ಇವುಗಳಲ್ಲಿ ಯಾವುದು ಹೆಚ್ಚೋ ಅದರ ಆಧಾರದಲ್ಲಿ ಅಳೆಯುತ್ತಾರೆ. ಆದ್ದರಿಂದ ವ್ಯಾಪಾರ ಬೆಳೆದಷ್ಟೂ ಈ ಕಟ್ಟುಪಾಡೂ ಬೆಳೆಯುತ್ತದೆ. ಹತ್ತು ಕೋಟಿಗೆ ನಿಂತುಬಿಡುತ್ತಿದ್ದ ಹಳೆಯ ಠೇವಣಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಈ ಲೆಕ್ಕದಲ್ಲಿ ನನಗೆ ಬಹಳ ಹಿಡಿಸಿದ್ದು ಆಸ್ತಿಗೆ ಬೆಲೆ ಕಟ್ಟುವ ಬಿಗಿ. ಕಚೇರಿಯ ಮೇಜು, ಕುರ್ಚಿ, ಕಪಾಟು, ಲೇಖನ ಸಾಮಗ್ರಿ ಇವೆಲ್ಲದರ ಬೆಲೆ ಇಲ್ಲಿ ಸೊನ್ನೆ. ಏಜೆಂಟರಿಂದ ಬರಬೇಕಾದ ಬಾಕಿ 30 ದಿನ ದಾಟಿದರೆ ಅದೂ ಸೊನ್ನೆ. ವಸೂಲಾಗದ ಉದ್ರಿಯನ್ನು ವರ್ಷಗಟ್ಟಲೆ ಆಸ್ತಿಯೆಂದೇ ಬರೆದುಕೊಂಡು ಬರುವ ಖಾತೆಪುಸ್ತಕಗಳನ್ನು ನಮ್ಮ ಪೇಟೆಗಳಲ್ಲಿ ಸಾಕಷ್ಟು ನೋಡಿದವನಿಗೆ ಈ ನಿಯಮದ ಬೆಲೆ ಹೆಚ್ಚು ಅರ್ಥವಾಗುತ್ತದೆ.

ಅನುಪಾತ ಒಂದೂವರೆಗಿಂತ ಇಳಿದ ಮಾತ್ರಕ್ಕೆ ಕಂಪನಿ ಮುಳುಗಿತೆಂದು ತಿಳಿಯಬಾರದು. ಅದು ಎಚ್ಚರಿಕೆಯ ಗಂಟೆ. ಕಂಪನಿ ಕೊರತೆ ತುಂಬುವ ಯೋಜನೆಯನ್ನು ಪ್ರಾಧಿಕಾರಕ್ಕೆ ಸಲ್ಲಿಸಿ ಅದರಂತೆ ನಡೆಯಬೇಕಾಗುತ್ತದೆ. ಸರ್ಕಾರಿ ಸ್ವಾಮ್ಯದ ನ್ಯಾಷನಲ್, ಓರಿಯಂಟಲ್ ಮತ್ತು ಯುನೈಟೆಡ್ ಇಂಡಿಯಾ ಕಂಪನಿಗಳ ಸ್ಥಿತಿ ಸಡಿಲಗೊಂಡಾಗ ಕೇಂದ್ರ ಸಂಪುಟ 2020ರ ಜುಲೈನಲ್ಲಿ, ಹಿಂದಿನ ವರ್ಷ ಕೊಟ್ಟಿದ್ದ 2,500 ಕೋಟಿಯೂ ಸೇರಿ, ಅವುಗಳಿಗೆ 12,450 ಕೋಟಿ ರೂಪಾಯಿಯ ಬಂಡವಾಳ ತುಂಬಲು ಒಪ್ಪಿಗೆ ನೀಡಿತು. ಖಾಸಗಿ ಕಂಪನಿಯಾದರೆ ಈ ಹಣವನ್ನು ಅದರ ಷೇರುದಾರರೇ ತರಬೇಕು.

ಪಾಲಿಸಿದಾರರ ಹಣವನ್ನು ಎಲ್ಲಿ ಹೂಡಬೇಕೆಂಬುದೂ ಕಂಪನಿಯ ಇಚ್ಛೆಗೆ ಬಿಟ್ಟದ್ದಲ್ಲ. ಜೀವ ವಿಮಾ ಕಂಪನಿ ತನ್ನ ನಿಧಿಯಲ್ಲಿ ಕನಿಷ್ಠ ಶೇ 25ನ್ನು ಕೇಂದ್ರ ಸರ್ಕಾರದ ಸಾಲಪತ್ರಗಳಲ್ಲಿ, ಅದೂ ಸೇರಿ ಕನಿಷ್ಠ ಶೇ 50ನ್ನು ಕೇಂದ್ರ, ರಾಜ್ಯ ಮತ್ತಿತರ ಅನುಮೋದಿತ ಸಾಲಪತ್ರಗಳಲ್ಲಿ ಇಡಬೇಕು. ಸಾಮಾನ್ಯ ವಿಮೆಗೆ ಈ ಪ್ರಮಾಣ ಶೇ 20 ಮತ್ತು ಶೇ 30. ಪಾಲಿಸಿದಾರರ ಹಣವನ್ನು ದೇಶದ ಹೊರಗೆ ಹೂಡುವುದಕ್ಕೆ ನಿಷೇಧವಿದೆ. ಜೀವ ವಿಮಾ ನಿಧಿ ಜೀವ ವಿಮೆಯ ಪಾಲಿಸಿದಾರರಿಗೇ ಸಂಪೂರ್ಣ ಭದ್ರತೆಯಾಗಿರಬೇಕು, ಬೇರೆ ವ್ಯವಹಾರದ ಸಾಲಕ್ಕೆ ಅದು ಹೊಣೆಯಾಗಬಾರದು ಎಂದು ಕಾಯ್ದೆಯ 10ನೇ ಕಲಂ ಹೇಳುತ್ತದೆ. ನಿಮ್ಮ ಏಜೆಂಟರು ‘ಸರ್ಕಾರದ ಕಡೆ ಇಟ್ಟೈತಿ’ ಎಂದದ್ದಕ್ಕೆ ಏನಾದರೂ ಆಧಾರವಿದ್ದರೆ ಅದು ಇಲ್ಲಿದೆ: ಹಣದ ದೊಡ್ಡ ಪಾಲು ನಿಜಕ್ಕೂ ಸರ್ಕಾರಿ ಸಾಲಪತ್ರಗಳ ರೂಪದಲ್ಲಿರುತ್ತದೆ, ಆದರೆ ಕಂಪನಿಯ ಹೂಡಿಕೆಯಾಗಿ, ಸರ್ಕಾರದ ಜಾಮೀನಾಗಿ ಅಲ್ಲ.

ಇಷ್ಟೆಲ್ಲ ಇದ್ದೂ ಮುಳುಗಿದರೆ? ಇಲ್ಲಿ ನಿಮ್ಮನ್ನು ಹುಸಿ ನೆಮ್ಮದಿಯಲ್ಲಿ ಇಡಲು ನನಗೆ ಮನಸ್ಸಿಲ್ಲ. ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ ಎಂಬ ಠೇವಣಿ ವಿಮಾ ನಿಗಮದ ಮೂಲಕ 5 ಲಕ್ಷ ರೂಪಾಯಿವರೆಗಿನ ವಿಮೆ ಇದೆಯಲ್ಲ, ಅಂಥ ಗ್ಯಾರಂಟಿ ನಿಧಿ ವಿಮಾ ಪಾಲಿಸಿಗಳಿಗೆ ನಮ್ಮ ದೇಶದಲ್ಲಿ ಇಲ್ಲ. (ನಿಮ್ಮ ಪತ್ತಿನ ಸಂಘದ ಹಣಕ್ಕೂ ಡಿಐಸಿಜಿಸಿಯ ರಕ್ಷಣೆ ಇರಲಿಲ್ಲ, ಅದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಇದೆಯೇ ಹೊರತು ಪತ್ತಿನ ಸಂಘಗಳಿಗಲ್ಲ.) ಅಮೆರಿಕದ ರಾಜ್ಯಗಳಲ್ಲಿ ಕಂಪನಿಗಳ ಠೇವಣಿಯೂ ಇದೆ, ಮುಳುಗಿದ ಕಂಪನಿಯ ಪಾಲಿಸಿದಾರರಿಗೆ ಒಂದು ಮಿತಿಯವರೆಗೆ ಹಣ ಕೊಡುವ ಗ್ಯಾರಂಟಿ ಸಂಘಗಳೂ ಇವೆ. ನಮ್ಮಲ್ಲಿ ಬ್ಯಾಂಕು ಮತ್ತು ವಿಮಾ ಕಂಪನಿಗಳ ಕುಸಿತವನ್ನು ನಿಭಾಯಿಸಲೆಂದು 2017ರಲ್ಲಿ ಮಂಡಿಸಿದ ಎಫ್‌ಆರ್‌ಡಿಐ ಮಸೂದೆಯನ್ನು ಮರುವರ್ಷ ಹಿಂತೆಗೆದುಕೊಳ್ಳಲಾಯಿತು. ನೇರವಾದ ಸರ್ಕಾರಿ ಜಾಮೀನು ಇರುವುದು ಎಲ್‌ಐಸಿಯ ಪಾಲಿಸಿಗಳಿಗೆ, ಆ ಸಂಸ್ಥೆಯದೇ ಕಾಯ್ದೆಯ 37ನೇ ಕಲಮಿನ ಮೂಲಕ.

ಖಾಸಗಿ ಕಂಪನಿಯ ವಿಷಯದಲ್ಲಿ ಕಾನೂನು ಹಿಡಿಯುವ ದಾರಿ ಬೇರೆ. ಕಂಪನಿಯನ್ನು ಮುಚ್ಚಿ, ಇದ್ದದ್ದನ್ನು ಮಾರಿ, ಸಿಕ್ಕಷ್ಟು ಹಂಚುವುದಕ್ಕಿಂತ ಮೊದಲೇ ಆಡಳಿತವನ್ನು ಕೈಗೆ ತೆಗೆದುಕೊಂಡು, ಪಾಲಿಸಿಗಳನ್ನು ಜೀವಂತವಾಗಿಯೇ ಇನ್ನೊಂದು ಕಂಪನಿಗೆ ದಾಟಿಸಲು ನೋಡುತ್ತಾರೆ. ಸಹಾರಾ ಇಂಡಿಯಾ ಲೈಫ್ ಕಂಪನಿಗೆ 2017ರ ಜೂನ್‌ನಲ್ಲಿ ಪ್ರಾಧಿಕಾರ ಆಡಳಿತಾಧಿಕಾರಿಯನ್ನು ನೇಮಿಸಿತು, 2023ರ ಜೂನ್‌ನಲ್ಲಿ ಅದರ ಸುಮಾರು ಎರಡು ಲಕ್ಷ ಪಾಲಿಸಿಗಳ ಹೊಣೆಯನ್ನು ಎಸ್‌ಬಿಐ ಲೈಫ್‌ಗೆ ವಹಿಸುವಂತೆ ಆದೇಶಿಸಿತು. ನಡುವೆ ಮೇಲ್ಮನವಿಗಳು, ತಡೆಯಾಜ್ಞೆಗಳು ಎಲ್ಲವೂ ಬಂದವು. ಆದ್ದರಿಂದ ಹಣ ಮುಳುಗುವ ಭಯಕ್ಕಿಂತ ವರ್ಷಗಟ್ಟಲೆ ಕಾಯುವ ಸಂಕಟ ಹೆಚ್ಚು ವಾಸ್ತವವಾದದ್ದು ಎಂಬುದು ನನ್ನ ಅಭಿಪ್ರಾಯ.

ನೀವು ಈಗ ಮಾಡಬಹುದಾದದ್ದು ಇಷ್ಟು. ಎರಡೂ ಕಂಪನಿಗಳು ತಮ್ಮ ಜಾಲತಾಣದಲ್ಲಿ ಮೂರು ತಿಂಗಳಿಗೊಮ್ಮೆ ಸಾರ್ವಜನಿಕ ಪ್ರಕಟಣೆಗಳನ್ನು ಹಾಕುತ್ತವೆ. ಅದರಲ್ಲಿ ಸಾಲ್ವೆನ್ಸಿಯ ಪುಟವನ್ನು ನಿಮ್ಮ ಲೆಕ್ಕಪರಿಶೋಧಕರಿಂದ ತೆಗೆಸಿ ನೋಡಿ. ಒಂದು ತ್ರೈಮಾಸಿಕದ ಅಂಕಿಗಿಂತ ಎರಡು ಮೂರು ವರ್ಷಗಳಲ್ಲಿ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಹೆಚ್ಚು ಹೇಳುತ್ತದೆ.

ಗೋದಾಮಿನ ಪಾಲಿಸಿಯ ಬಗ್ಗೆ ಮಾತ್ರ ಇನ್ನೊಂದು ಮಾತು ಹೇಳದೆ ಇರಲಾರೆ, ಏಕೆಂದರೆ ವಿಮಾ ನಷ್ಟವನ್ನು ಅಳೆಯುವ ಸರ್ವೇಯರ್ ಆಗಿ ಸುಟ್ಟ ಗೋದಾಮುಗಳ ಬಾಗಿಲಲ್ಲಿ ನಿಂತ ಅನುಭವ ನನ್ನದು. ಬೆಲ್ಲದ ಗೋದಾಮಿಗೆ ಬೆಂಕಿ ಬಿದ್ದರೆ ಮಾಲು ಬೂದಿಯಾಗುವುದಕ್ಕೆ ಮೊದಲು ಕರಗುತ್ತದೆ. ಒಂದೆಡೆ ನಾನು ಹೋದಾಗ ಬೆಲ್ಲ ಬಾಗಿಲ ಸಂದಿಯಿಂದ ಹರಿದು ಕಟ್ಟೆಯ ಕೆಳಗೆ ಕಪ್ಪು ಅರಗಿನಂತೆ ಗಟ್ಟಿಯಾಗಿತ್ತು. ಎಣಿಸಲು ಒಂದು ಪೆಂಟೆಯೂ ಉಳಿದಿರಲಿಲ್ಲ, ಸ್ಟಾಕ್ ಪುಸ್ತಕವೂ ಒಳಗೇ ಸುಟ್ಟಿತ್ತು. ಎಪಿಎಂಸಿಯ ದಾಖಲೆ ಮತ್ತು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಪಟ್ಟಿಯಿಂದ ಮಾಲು 40 ಲಕ್ಷದ್ದೆಂದು ಸಾಬೀತಾಯಿತು, ಆದರೆ ವಿಮೆ ಇದ್ದದ್ದು 20 ಲಕ್ಷಕ್ಕೆ. ಅರ್ಧ ಬೆಲೆಗೆ ವಿಮೆ ಮಾಡಿಸಿದವರಿಗೆ ನಷ್ಟದಲ್ಲಿಯೂ ಅರ್ಧವೇ ಸಿಗುತ್ತದೆ. 10 ಲಕ್ಷದ ಮಾಲು ಹಾಳಾದರೂ ಕೈಗೆ ಬರುವುದು 5 ಲಕ್ಷ. ಒಂದೇ ಸ್ಥಳದ ಆಸ್ತಿ 5 ಕೋಟಿಯೊಳಗಿರುವವರಿಗೆ 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ 15ರವರೆಗಿನ ಕೊರತೆಯನ್ನು ಕಡೆಗಣಿಸುತ್ತಾರೆ, ಅದಕ್ಕಿಂತ ಹೆಚ್ಚಿಲ್ಲ. ಗೋದಾಮು ಸುಟ್ಟ ಆ ವ್ಯಾಪಾರಿಗೆ, ತನ್ನ ವಿಮಾ ಕಂಪನಿಯ ಸಾಲ್ವೆನ್ಸಿ ಎಷ್ಟು ಗಟ್ಟಿಯಿದ್ದರೂ ಅದರಿಂದ ಪ್ರಯೋಜನವಾಗಲಿಲ್ಲ. ನಿಮ್ಮ ಪಾಲಿಸಿಯಲ್ಲಿ ಬರೆದ ಮೊತ್ತ ಹಂಗಾಮಿನ ತುಂಬಿದ ಗೋದಾಮಿಗೆ ಸಾಲುತ್ತದೆಯೇ ಎಂಬುದನ್ನು ಇಂದೇ ನೋಡಿ.

ಪ್ರಶ್ನೆ: ತಿಕೋಟಾದಲ್ಲಿ ನಮ್ಮದು ದ್ರಾಕ್ಷಿ ತೋಟ. ಹವಾಮಾನ ಆಧಾರಿತ ಬೆಳೆ ವಿಮೆಗೆ ಹೋದ ಬಾರಿ ಇದ್ದ ಕಂಪನಿ ಈ ಬಾರಿ ಇಲ್ಲ, ಬೇರೊಂದು ಬಂದಿದೆ. ಹಿಂದಿನ ಹಂಗಾಮಿನ ಪರಿಹಾರ ಇನ್ನೂ ಬಂದಿಲ್ಲ. ಹಳೆಯ ಕಂಪನಿ ಕೈ ಎತ್ತಿತೆಂದೇ ಅರ್ಥವೇ?

ಉತ್ತರ: ಅಲ್ಲ. ಬೆಳೆ ವಿಮೆಯಲ್ಲಿ ಯಾವ ಜಿಲ್ಲೆ ಯಾವ ಕಂಪನಿಗೆಂದು ಸರ್ಕಾರ ಟೆಂಡರ್ ಮೂಲಕ ಗೊತ್ತುಪಡಿಸುತ್ತದೆ. ಅವಧಿ ಮುಗಿದರೆ ಇನ್ನೊಂದು ಕಂಪನಿ ಬರಬಹುದು. ಯಾವ ಹಂಗಾಮಿಗೆ ಯಾರು ಪ್ರೀಮಿಯಂ ಪಡೆದರೋ ಆ ಹಂಗಾಮಿನ ಹೊಣೆ ಅವರದೇ, ಅವರು ಜಿಲ್ಲೆ ಬಿಟ್ಟುಹೋದರೂ ಅದು ತೀರುವುದಿಲ್ಲ. ದ್ರಾಕ್ಷಿಗೆ ನೀವು ಕಟ್ಟಿದ್ದು ವಿಮಾ ಮೊತ್ತದ ಶೇ 5, ಉಳಿದ ಪ್ರೀಮಿಯಂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಂದ ಬರಬೇಕು. ವಿಳಂಬಕ್ಕೆ ಕಾರಣ ಸಾಮಾನ್ಯವಾಗಿ ಈ ಸಹಾಯಧನದ ಪಾಲು ತಡವಾಗುವುದು ಅಥವಾ ಹವಾಮಾನ ಕೇಂದ್ರದ ಅಂಕಿಗಳ ಮೇಲಿನ ತಕರಾರು; ಕಂಪನಿಯ ದಿವಾಳಿತನವಲ್ಲ. ರಾಜ್ಯದ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ನಿಮ್ಮ ಅರ್ಜಿ ಸಂಖ್ಯೆ ಹಾಕಿ ಅದು ಯಾವ ಹಂತದಲ್ಲಿದೆ ಎಂದು ನೋಡಿ, ಆ ಪುಟದ ಪ್ರತಿಯೊಂದಿಗೆ ತಾಲ್ಲೂಕು ತೋಟಗಾರಿಕೆ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಬನಹಟ್ಟಿಯಲ್ಲಿ ಮಗ್ಗ ನೇಯುವ ಕುಟುಂಬ ನಮ್ಮದು. ಒಂದು ಸಂಘದವರು ವಾರಕ್ಕೆ ನೂರು ರೂಪಾಯಿಯಂತೆ ಅವ್ವನ ಹತ್ತಿರ ಕಟ್ಟಿಸಿಕೊಂಡು ‘ಕುಟುಂಬ ವಿಮಾ ಬಾಂಡ್’ ಕೊಟ್ಟಿದ್ದಾರೆ. ಇದಕ್ಕೂ ಮೇಲಿನ ರಕ್ಷಣೆಗಳು ಇರುತ್ತವೆಯೇ?

ಉತ್ತರ: ಆ ಬಾಂಡನ್ನು ಬೆಳಕಿಗೆ ಹಿಡಿದು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ. ನಿಜವಾದ ಪಾಲಿಸಿಯಲ್ಲಿ ವಿಮಾ ಕಂಪನಿಯ ಹೆಸರು, ಐಆರ್‌ಡಿಎಐ ನೋಂದಣಿ ಸಂಖ್ಯೆ, ಆ ಯೋಜನೆಯ ಯುಐಎನ್ ಎಂಬ ಗುರುತಿನ ಸಂಖ್ಯೆ ಮೂರೂ ಇರಲೇಬೇಕು. ಸಂಘವೊಂದು ನೋಂದಾಯಿತ ಕಂಪನಿಯಿಂದ ಗುಂಪು ವಿಮೆ ಪಡೆದು ಸದಸ್ಯರಿಗೆ ಕೊಡುವುದು ಕಾನೂನುಬದ್ಧವೇ. ಆಗ ಆ ಕಂಪನಿಯ ಹೆಸರೂ ಪಾಲಿಸಿ ಸಂಖ್ಯೆಯೂ ನಿಮ್ಮ ಪತ್ರದಲ್ಲಿ ಇರುತ್ತದೆ. ಬರೀ ಸಂಘದ ಮೊಹರು, ಅಧ್ಯಕ್ಷರ ಸಹಿ ಮತ್ತು ಹೂಬಳ್ಳಿಯ ಅಂಚು ಇದ್ದರೆ ಅದು ವಿಮೆಯಲ್ಲ. ನಾನು ಮೇಲೆ ಹೇಳಿದ ಬಂಡವಾಳ, ಸಾಲ್ವೆನ್ಸಿ, ಹೂಡಿಕೆಯ ಬೇಲಿ ಯಾವುದೂ ಅದಕ್ಕೆ ಅನ್ವಯಿಸದು. ನೋಂದಣಿಯಿಲ್ಲದೆ ವಿಮಾ ವ್ಯವಹಾರ ನಡೆಸುವುದಕ್ಕೆ ವಿಮಾ ಕಾಯ್ದೆಯಲ್ಲಿ 25 ಕೋಟಿ ರೂಪಾಯಿವರೆಗೆ ದಂಡ ಮತ್ತು 10 ವರ್ಷದವರೆಗೆ ಸೆರೆವಾಸದ ಶಿಕ್ಷೆ ಇದೆ. ಕಟ್ಟಿಸಿಕೊಂಡ ಹಣವನ್ನು ಠೇವಣಿಯೆಂದು ಪರಿಗಣಿಸಿದರೂ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ಹಾಗೂ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ದೂರು ಕೊಡಲು ಅವಕಾಶವಿದೆ.

ಮೊದಲು ಐಆರ್‌ಡಿಎಐಯ ಸಹಾಯವಾಣಿ 155255ಕ್ಕೆ ಕರೆ ಮಾಡಿ ಬಾಂಡಿನ ಮೇಲಿರುವ ಹೆಸರು ನೋಂದಾಯಿತ ಕಂಪನಿಯದೇ ಎಂದು ವಿಚಾರಿಸಿ. ಅಲ್ಲವೆಂದಾದರೆ ಮುಂದಿನ ವಾರದ ನೂರು ರೂಪಾಯಿಯನ್ನು ತಡೆಹಿಡಿಯಿರಿ, ಅವ್ವನ ಬಳಿ ಇರುವ ಎಲ್ಲ ರಸೀದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಜೆರಾಕ್ಸ್ ಮಾಡಿಸಿ, ಮೂಲ ಬಾಂಡನ್ನು ‘ನವೀಕರಣಕ್ಕೆ’ ಎಂದು ಯಾರು ಬಂದು ಕೇಳಿದರೂ ಕೈಬಿಡಬೇಡಿ.